ಮಿಜಾರಿನ ತನಕ ಬೊಬ್ಬೆ ಇಲ್ಲ

ಜುಲೈ ೨೩, ಬುಧವಾರ

ಗೆದ್ದೆವು. ಆದರೂ ಮೈಯೆಲ್ಲ ಉರಿಯುತ್ತಿದೆ.

ವಲಯ ಮಟ್ಟದ ಖೋ-ಖೋ ನಮ್ಮದೇ ಹೈಸ್ಕೂಲಿನ ಮೈದಾನದಲ್ಲಿತ್ತು. ಫೈನಲಿನಲ್ಲಿ ಎದುರು ಬಂದ ಹುಡುಗಿಯರನ್ನು ಕಂಡರೆ ಬೆಳಿಗ್ಗೆ ಏನಾದರೂ ತಿಂದು ಬಂದ ಹಾಗೆ ಕಾಣುತ್ತಿರಲಿಲ್ಲ. ಅಂಥವರ ಮೇಲೆ ಬರೀ ಎರಡು ಅಂಕದ ಗೆಲುವು. ಇದಕ್ಕೆ ಕಾರಣ ಒಬ್ಬಳೇ, ಹತ್ತನೇ ಕ್ಲಾಸಿನ ಸುರಕ್ಷಾ. ಓಟದಲ್ಲಿ ಅವಳನ್ನು ಮೀರಿಸುವವರು ಶಿರ್ತಾಡಿಯ ಆಚೆ ಈಚೆ ಯಾರೂ ಇಲ್ಲ. ಆದರೆ ಕೂತಲ್ಲಿ ಕೂರಲಿಕ್ಕೆ ಅವಳಿಗೆ ಬರುವುದಿಲ್ಲ. ಒಂದೇ ಪಂದ್ಯದಲ್ಲಿ ಎಷ್ಟು ಫೌಲು! ಕೊನೆಯ ಸಲ ನಾನು ಗೆರೆಯ ಹತ್ತಿರ ನಿಂತು "ಸುರಕ್ಷಾ, ಈಗ!" ಎಂದು ಕಿರುಚಿದ್ದು ರಸ್ತೆಯಾಚೆಯ ಹಾಲಿನ ಡಿಪೋಗೂ ಕೇಳಿರಬೇಕು. ಅಷ್ಟು ಸರಿಯಾಗಿ ಹೇಳಿಕೊಟ್ಟರೂ, ಅಟ್ಟಿಸಿಕೊಂಡು ಬಂದ ಸಾತ್ವಿಕಾಳ ಕೈ ಬೆನ್ನಿಗೆ ತಾಗುವ ಮೊದಲೇ ಎದ್ದು ಓಡಿದಳು.

ಬಹುಮಾನ ಕೊಟ್ಟಾದ ಮೇಲೆ ಎಲ್ಲರ ಎದುರು ಕೇಳಿದೆ, "ನಿನ್ನ ತಲೆಯೊಳಗೆ ಎಂಥದಾದರೂ ಉಂಟಾ, ಇಲ್ಲ ಜಡೆ ಹಾಕ್ಲಿಕ್ಕೆ ಮಾತ್ರ ಅದನ್ನು ಇಟ್ಕೊಂಡದ್ದಾ?" ಉಳಿದವರು ನಕ್ಕರು. ಅವಳು ನಗಲಿಲ್ಲ. ಕಪ್ ಹಿಡಿದು ಫೋಟೋ ತೆಗೆಯುವಾಗ ಹಿಂದಿನ ಸಾಲಿಗೆ ಹೋಗಿ ನಿಂತಳು. ಮೈದಾನಕ್ಕೆ ಐದು ಸುತ್ತು ಓಡಿಸಿಯೇ ಅವಳನ್ನು ಮನೆಗೆ ಕಳಿಸಿದೆ.

ಮನೆಗೆ ಬಂದು ಯಜಮಾನರ ಹತ್ತಿರವೂ ಇದನ್ನೇ ಹೇಳಿದೆ. ಶಂಭು ಅವರಿಗೆ ಫರಂಗಿಪೇಟೆಯ ತಮ್ಮ ಟಯರಿನ ಅಂಗಡಿ ಬಿಟ್ಟರೆ ಬೇರೆ ಲೋಕ ಗೊತ್ತಿಲ್ಲ. "ಬೇಗ ಎದ್ರೆ ಒಳ್ಳೇದೇ ಅಲ್ವಾ?" ಎಂದರು. ಎಂಟು ಜನ ಸಾಲಾಗಿ ಕೂತಿರುತ್ತಾರೆ, ಒಬ್ಬಳು ಎದುರಾಳಿಯನ್ನು ಅಟ್ಟಿಸಿಕೊಂಡು ಓಡುತ್ತಾಳೆ, ಅವಳು ಬೆನ್ನು ಮುಟ್ಟಿ ಖೋ ಎಂದ ಮೇಲೆಯೇ ಕೂತವಳು ಏಳಬೇಕು, ಅದಕ್ಕೆ ಮೊದಲು ಎದ್ದರೆ ಫೌಲು ಎಂದು ಅಕ್ಕಿ ತೊಳೆಯುತ್ತಾ ವಿವರಿಸಿದೆ. ವಿವರಣೆ ಸ್ವಲ್ಪ ಜೋರಾಯಿತೆಂದು ಕಾಣುತ್ತದೆ. "ನನಗೆ ಯಾಕೆ ಬೈಯ್ತಿ ಮಾರಾಯ್ತಿ? ಆ ಡೈರಿಯಲ್ಲಿ ಬರಿ, ಅದಕ್ಕೆ ಕಿವಿ ಇಲ್ಲ" ಎಂದು ಟಿ.ವಿ. ಹಾಕಿದರು.

ಸೊಸೈಟಿಯವರು ಹೊಸ ವರ್ಷಕ್ಕೆ ಕೊಟ್ಟ ಡೈರಿ ಇದು. ಇಷ್ಟು ದಿನ ಗ್ಯಾಸ್ ಸಿಲಿಂಡರ್ ಬಂದ ತಾರೀಕು ಮಾತ್ರ ಬರೆದಿದ್ದೆ. ಇನ್ನು ಇದನ್ನೂ ಬರೆದಿಡುತ್ತೇನೆ. ತಾಲೂಕು ಮಟ್ಟ ಆಗಸ್ಟ್ ೨೩ಕ್ಕೆ, ಮಿಜಾರಿನಲ್ಲಿ. ಅಲ್ಲಿ ಗೆದ್ದರೆ ಜಿಲ್ಲಾ ಮಟ್ಟಕ್ಕೆ ಬೆಳ್ತಂಗಡಿ. ನಾನು ಈ ಶಾಲೆಗೆ ಪಿ.ಟಿ. ಟೀಚರಾಗಿ ಬಂದ ಮೇಲೆ ನನ್ನ ಒಂದು ಟೀಮೂ ತಾಲೂಕು ದಾಟಿಲ್ಲ. ಈ ಸಲ ದಾಟಿಸಿಯೇ ಸಿದ್ಧ.

ಜುಲೈ ೨೪, ಗುರುವಾರ

ಆಟಿ ಅಮಾವಾಸ್ಯೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಪಾಲೆ ಮರದ ತೊಗಟೆಯ ಕಷಾಯ ಕುಡಿದು ಬಾಯಿ ಇಡೀ ದಿನ ಕಹಿ. ಸಂಜೆ ಪ್ರಾಕ್ಟೀಸಿಗೆ ಸುರಕ್ಷಾ ಬರಲಿಲ್ಲ. ಕಾಲುನೋವಂತೆ. ಐದು ಸುತ್ತಿಗೆ ಕಾಲು ನೋಯಿಸಿಕೊಳ್ಳುವ ಹುಡುಗಿಯಲ್ಲ ಅವಳು. ಹಟ ನನಗೂ ಇದೆ. ನಾನಾಗಿ ಕರೆಯುವುದಿಲ್ಲ.

ಜುಲೈ ೨೯, ಮಂಗಳವಾರ

ಮಳೆಗೆ ಡಿ.ಸಿ.ಯವರು ರಜೆ ಕೊಟ್ಟು ಪ್ರಾಕ್ಟೀಸು ಹಾಳು. ಇಂದು ಮೈದಾನಕ್ಕೆ ಬಂದರೆ ಎಂಟೇ ಜನ. ಒಬ್ಬಳಿಗೆ ಟ್ಯೂಷನ್ನು, ಇನ್ನೊಬ್ಬಳ ಅಜ್ಜಿಗೆ ಹುಷಾರಿಲ್ಲ, ಮತ್ತೊಬ್ಬಳು ಕಾರಣ ಹೇಳುವ ಗೋಜಿಗೂ ಹೋಗಲಿಲ್ಲ. ಬಂದವರ ಮೈಯಲ್ಲಿಯೂ ಚುರುಕಿಲ್ಲ. ಚುರುಕು ಬರಲಿ ಎಂದು ಇನ್ನಷ್ಟು ಜೋರು ಮಾಡಿದೆ. ಗಂಟಲು ಕಟ್ಟಿದೆ.

ಜುಲೈ ೩೧, ಗುರುವಾರ

ಹೆಡ್ಮಾಸ್ಟರ್ ರಮಾನಾಥ ಸರ್ ಆಫೀಸಿಗೆ ಕರೆಸಿದರು. ಒಳ್ಳೆಯ ಮನುಷ್ಯ. ಯಾರನ್ನಾದರೂ ಬೈಯುವಾಗಲೂ ಮದುವೆಯ ಆಮಂತ್ರಣ ಓದಿದ ಹಾಗೆ ಮಾತಾಡುತ್ತಾರೆ.

"ಕಾಂತಿ ಟೀಚರ್, ಒಂಬತ್ತು ಜನ ಇಲ್ಲದಿದ್ರೆ ಹೆಸರು ಕಳಿಸುವುದು ಹೇಗೆ? ಸೋಮವಾರದೊಳಗೆ ಹೇಳಿ. ಮಿಜಾರಿನಲ್ಲಿ ಗೆದ್ದು ಬಂದ್ರೆ ಸಂಜೆಯ ಪ್ರಾಕ್ಟೀಸಿನ ಒಂದು ಗಂಟೆ ನಿಮ್ಮದೇ. ಇಲ್ಲದಿದ್ರೆ ಅದನ್ನು ಗಣಿತದ ಸ್ಪೆಷಲ್ ಕ್ಲಾಸಿಗೆ ಕೊಡುವ. ಹತ್ತನೆಯ ರಿಸಲ್ಟ್ ನೋಡ್ಬೇಕಲ್ಲ."

"ಸರ್, ಒಮ್ಮೆ ಗಣಿತಕ್ಕೆ ಹೋದ ಗಂಟೆ ವಾಪಸು ಬರ್ತದಾ?" ಎಂದೆ.

ಅವರು ಕನ್ನಡಕ ಒರೆಸಿದರು. ಬರುವುದಿಲ್ಲ ಎಂದು ಅವರಿಗೂ ಗೊತ್ತು. ಸಂಜೆಯ ಗಂಟೆ ಹೋಯಿತೆಂದರೆ ಈ ಶಾಲೆಯಲ್ಲಿ ಖೋ-ಖೋ ಹೋಯಿತು. ಮತ್ತೆ ನಾನಿರುವುದು ಆಗಸ್ಟ್ ಹದಿನೈದರ ಮಾರ್ಚ್ ಪಾಸ್ಟಿಗೆ ಮಾತ್ರ. ಅದಕ್ಕಂತೂ ನಾನು ತಯಾರಿಲ್ಲ. ಎಂಟು ಜನರ ಹತ್ತಿರವೂ ಬೇರೆಬೇರೆಯಾಗಿ ಕೇಳಿದೆ, ಗೆಳತಿಯರನ್ನು ಕರೆತರಲಿಕ್ಕೆ ಹೇಳಿದೆ. ಆಯಿತೆಂದು ತಲೆ ಅಲ್ಲಾಡಿಸಿದರು. ಸಂಜೆಗೆ ಹೊಸಬರು ಯಾರೂ ಬರಲಿಲ್ಲ.

ಆಗಸ್ಟ್ ೨, ಶನಿವಾರ

ಮಧ್ಯಾಹ್ನ ಶಾಲೆ ಬಿಟ್ಟವಳೇ ಸುರಕ್ಷಾಳ ಮನೆಯ ಕಡೆಗೆ ಹೋಗುವ ಬಸ್ಸು ಹತ್ತಿದೆ. ಅವಳ ಅಪ್ಪ ಚನಿಯಪ್ಪ ಅದೇ ಬಸ್ಸಿನ ಕಂಡಕ್ಟರು. ಮಗಳು ಪ್ರಾಕ್ಟೀಸಿಗೆ ಬರುವುದಿಲ್ಲ ಎಂದರೆ ಅವರು ನಂಬಲೇ ಇಲ್ಲ. "ಎಂಥ ಟೀಚರ್, ಮನೆಗೆ ಬಂದ ಕೂಡಲೇ ಅವಳು ಓಡುವುದೇ. ಈಗ ಹೋಗಿ ಬೇಕಾದ್ರೆ, ಯುವಕ ಮಂಡಲದ ಶೆಡ್ಡಿನಲ್ಲಿ ಇರ್ತಾಳೆ" ಎಂದರು.

ಇದ್ದಳು. ಅಕ್ಕಪಕ್ಕದ ಮನೆಯ ಚಿಳ್ಳೆಪಿಳ್ಳೆಗಳನ್ನೆಲ್ಲ ಸಾಲಾಗಿ ಕೂರಿಸಿಕೊಂಡು ನಡುವೆ ತಾನೂ ಕೂತಿದ್ದಳು. ನಾನು ಕೊಡೆ ಹಿಡಿದು ಹೊರಗೆ ನಿಂತು ನೋಡಿದೆ. ಒಂದು ಸಣ್ಣ ಹುಡುಗಿ ಎಡವುತ್ತಾ ಬಂದು ಅವಳ ಬೆನ್ನಿಗೆ ಹೊಡೆದು ಖೋ ಎನ್ನುವವರೆಗೆ ಅಲ್ಲಾಡಲಿಲ್ಲ. ಎಂದ ಮೇಲೆ ಎದ್ದಳು ನೋಡಿ, ಕಣ್ಣು ಮಿಟುಕಿಸುವುದರೊಳಗೆ ಆಟ ಮುಗಿದಿತ್ತು. ಎಷ್ಟು ಹೊತ್ತು ನೋಡಿದರೂ ಒಂದೂ ಫೌಲಿಲ್ಲ. ಅವಳು ಆಡುತ್ತಾ ಅಷ್ಟು ನಗುವುದನ್ನು ನಾನು ಮೊದಲ ಸಲ ನೋಡಿದ್ದು. ನನ್ನನ್ನು ಕಂಡ ಕೂಡಲೇ ನಗು ನಿಂತಿತು.

"ಇಲ್ಲಿ ಕೂತಲ್ಲಿ ಕೂರ್ತೀಯಲ್ಲ. ಅಲ್ಲಿ ಎಂಥ ಆಗ್ತದೆ ನಿನಗೆ?" ಎಂದು ಕೇಳಿದೆ.

"ಅಲ್ಲಿ ನಿಮ್ಮ ಸ್ವರ ಕೇಳ್ತದೆ ಟೀಚರ್."

"ಕೇಳ್ಬೇಕಲ್ಲ ಮತ್ತೆ? ಅದಕ್ಕೇ ಅಲ್ವಾ ಹೇಳುವುದು?"

"ಬೆನ್ನಿಗೆ ಕೈ ತಾಗಿದ್ದೇ ಗೊತ್ತಾಗುವುದಿಲ್ಲ. ನೀವು ಈಗ ಅಂದ ಕೂಡಲೇ ಕಾಲು ಎದ್ದಾಗಿರ್ತದೆ. ಆಮೇಲೆ ನೀವೇ ಬೈತೀರಿ."

ಕೊಡೆ ಮಡಚಿ ಒಳಗೆ ಹೋದೆ. ಕೊನೆಗೆ ಎಂಟೇ ಜನ ಇದ್ದಾರೆ, ನೀನು ಬರದಿದ್ದರೆ ಟೀಮಿಲ್ಲ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವಳು ಆ ಸಣ್ಣ ಹುಡುಗಿಯ ಮೂಗು ಒರೆಸಿ, ಚಪ್ಪಲಿ ಹಾಕಿಸಿ, ಆಮೇಲೆ ನನ್ನ ಕಡೆ ತಿರುಗಿದಳು.

"ನೀವು ಬೊಬ್ಬೆ ಹಾಕುವುದಿಲ್ಲ ಅಂತಾದ್ರೆ ಬರ್ತೇನೆ."

"ಎಷ್ಟು ದಿನ?"

"ಮಿಜಾರು ಮುಗಿಯುವ ತನಕ. ಮ್ಯಾಚಿನಲ್ಲಿ ಕೂಡ."

ನನಗೆ ಷರತ್ತು ಹಾಕುವ ಪ್ರಾಯವಾ ಅವಳದ್ದು! ಕಿವಿ ಬಿಸಿಯಾಯಿತು. ಆದರೆ ರಮಾನಾಥ ಸರ್ ಕನ್ನಡಕ ಒರೆಸುವುದು ಕಣ್ಣಮುಂದೆ ಬಂತು. ಆಯಿತು ಎಂದೆ. ವಾಪಸು ಬರುವಾಗಲೂ ಅದೇ ಬಸ್ಸು. "ಒಪ್ಪಿದ್ಲಾ ಟೀಚರ್?" ಎಂದು ಚನಿಯಪ್ಪ ಕೇಳಿದರು. "ಒಪ್ಪಿದ್ದು ನಾನು ಚನಿಯಪ್ಪಣ್ಣ" ಎಂದೆ. ಕೊಟ್ಟ ಮಾತು ಕೊಟ್ಟದ್ದೇ. ಹಲ್ಲು ಕಚ್ಚಿಯಾದರೂ ನಡೆಸುತ್ತೇನೆ.

ಆಗಸ್ಟ್ ೪, ಸೋಮವಾರ

ಒಂಬತ್ತು ಜನ ಆದರು. ಹೆಸರು ಹೋಯಿತು.

ಬಾಯಿಗೆ ಕಲ್ಲುಸಕ್ಕರೆ ಹಾಕಿಕೊಂಡು ಮೈದಾನದ ಮೂಲೆಯಲ್ಲಿ ನಿಂತೆ. ಏನು ಹೇಳುವುದು, ಆಟ ಎಲ್ಲಿತ್ತು ಅಲ್ಲಿ? ಒಂಬತ್ತನೇ ಕ್ಲಾಸಿನ ರುಕಿಯಾ ಓಡುತ್ತಿದ್ದವಳು ಅರ್ಧದಲ್ಲಿ ನಿಂತು, ಯಾರಿಗೆ ಖೋ ಕೊಡಲಿ ಎಂದು ನನ್ನ ಮುಖ ನೋಡಿದಳು. ನಾನು ಆಕಾಶ ನೋಡಿದೆ. ಸಾತ್ವಿಕಾಳೂ ನೋಡಿದಳು. ಎಲ್ಲರೂ ನನ್ನನ್ನೇ ನೋಡುವುದು, ನಾನು ಆಕಾಶ ನೋಡುವುದು. ದಾರಿಯಲ್ಲಿ ಹೋಗುವವರು ಮಳೆ ಬರುತ್ತದಾ ಎಂದು ತಾವೂ ಮೇಲೆ ನೋಡಿದರು.

ಆಗಸ್ಟ್ ೫, ಮಂಗಳವಾರ

ನಿನ್ನೆಗಿಂತ ಕೆಟ್ಟದು. ಹೀಗಾದರೆ ಮಿಜಾರಿನಲ್ಲಿ ಮರ್ಯಾದೆ ಹೋಗುವುದು ಖಂಡಿತ.

ಆಗಸ್ಟ್ ೭, ಗುರುವಾರ

ರುಕಿಯಾಳಿಗೂ ಸಾತ್ವಿಕಾಳಿಗೂ ಜಗಳ. ಖೋ-ಖೋ ಸಾಲಿನಲ್ಲಿ ಒಬ್ಬಳು ಈ ಕಡೆ ಮುಖ ಮಾಡಿ ಕೂತರೆ ಪಕ್ಕದವಳು ಆ ಕಡೆ. ಹಾಗಾಗಿ ಯಾರಿಗೂ ಅರ್ಧ ಮೈದಾನವೇ ಕಾಣುವುದು. ಉಳಿದರ್ಧ ಇಷ್ಟು ದಿನ ನಾನು ಹೇಳುತ್ತಿದ್ದೆ. ಈಗ ಯಾರು ಹೇಳಬೇಕು ಎಂಬುದೇ ಜಗಳ. ನಾನಾಗಿದ್ದರೆ ಅರ್ಧ ನಿಮಿಷದಲ್ಲಿ ತೀರ್ಮಾನ ಮಾಡುತ್ತಿದ್ದೆ. ಇವರು ಬಸ್ಸು ಬರುವವರೆಗೆ ಎಳೆದರು. ಕೊನೆಗೆ ರುಕಿಯಾ, "ಕೂತವರೇ ಹೇಳುವ. ಯಾರಿಗೆ ಕಾಣ್ತದೋ ಅವಳು ಮೆಲ್ಲ ಪಕ್ಕದವಳಿಗೆ ಹೇಳ್ಲಿ" ಎಂದಳು. ಸುರಕ್ಷಾ, "ಮೆಲ್ಲ ಅಂದ್ರೆ ಮೆಲ್ಲ ಆಯ್ತಾ" ಎಂದು ನನ್ನ ಕಡೆ ನೋಡದೆ ಹೇಳಿದಳು. ನಾನು ಕೇಳಿಸದವಳ ಹಾಗೆ ಸಾಲಿನ ತುದಿಯ ಕಂಬದ ಹಗ್ಗ ಬಿಗಿಮಾಡುತ್ತಿದ್ದೆ.

ಇದೆಲ್ಲ ನಡೆಯುವ ಮಾತಲ್ಲ. ನಾಲ್ಕು ದಿನ ನೋಡುವ.

ಆಗಸ್ಟ್ ೧೩, ಬುಧವಾರ

ಮಾತು ತಪ್ಪಿದೆ.

ಸಾತ್ವಿಕಾ ಅಟ್ಟಿಸಿಕೊಂಡು ಹೋಗುತ್ತಿದ್ದಳು. ಸೀದಾ ಕಂಬದ ಹತ್ತಿರ ಹೋಗಿದ್ದರೆ ಎದುರಿನವಳು ಸಿಕ್ಕೇ ಬಿಡುತ್ತಿದ್ದಳು. ಇವಳು ದೊಡ್ಡ ಸುತ್ತು ಹಾಕಿ ಹೋದಳು. "ಅಲ್ಲಿ ಎಲ್ಲಿಗೆ ಹೋಗ್ತೀ ಕತ್ತೆ!" ಎಂದು ನನ್ನ ಬಾಯಿಂದ ಬಂದೇ ಬಿಟ್ಟಿತು. ಕಲ್ಲುಸಕ್ಕರೆ ಮಣ್ಣಿಗೆ ಬಿತ್ತು.

ಸುರಕ್ಷಾ ಇದ್ದಲ್ಲಿಯೇ ಚಕ್ಕಳಮಕ್ಕಳ ಹಾಕಿ ಕೂತಳು. ಅವಳನ್ನು ನೋಡಿ ರುಕಿಯಾ ಕೂತಳು. ಮತ್ತೆ ಎಲ್ಲರೂ. ಇಂಥ ಅಧಿಕಪ್ರಸಂಗವನ್ನು ಹಿಂದಿನ ವರ್ಷವಾಗಿದ್ದರೆ ನಾನು ಸುಮ್ಮನೆ ಬಿಡುತ್ತಿದ್ದೆನಾ? ಆದರೆ ತಪ್ಪಿದ್ದು ನನ್ನ ಮಾತಲ್ಲವೇ. ಹೋಗಿ ಅವರ ಎದುರಿಗೆ ನಾನೂ ಕೂತೆ. ಒದ್ದೆ ಮಣ್ಣು, ಹೊಸ ಟ್ರ್ಯಾಕ್ ಪ್ಯಾಂಟು.

"ಎಂಥ ಈಗ? ತಪ್ಪಾಯ್ತು. ಏಳಿ" ಎಂದೆ.

ಸಾತ್ವಿಕಾ ಎಂದರೆ ಹಾಜರಿ ಕರೆದರೂ ಪಿಸುಗುಟ್ಟುವ ಹುಡುಗಿ. ಅವಳು ಹೇಳಿದಳು, "ಅದಲ್ಲ ಟೀಚರ್. ನಾನು ಯಾಕೆ ಆ ಕಡೆಯಿಂದ ಹೋದೆ ಅಂತ ಕೇಳಿ."

ಕೇಳಿದೆ. ಕಂಬದ ಬುಡದಲ್ಲಿ ಪಾಚಿ ಕಟ್ಟಿದೆಯಂತೆ. ನಿನ್ನೆ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಅಲ್ಲಿ ಜಾರಿ ಮೊಣಕೈ ತರಚಿಕೊಂಡಳಂತೆ. ಹೋಗಿ ಕಾಲಿಟ್ಟು ನೋಡಿದೆ. ಹೌದು, ಜಾರುತ್ತಿತ್ತು. ಅಷ್ಟು ದಿನದಿಂದ ಅಲ್ಲೇ ನಿಂತಿದ್ದೇನೆ, ನನಗೆ ಗೊತ್ತಿಲ್ಲ. ಗುದ್ದಲಿ ತಂದು ಪಾಚಿ ಕೆರೆದೆವು. ಕಾಲು ಜಾರದಿರಲಿ ಎಂದು ಎರಡು ಬುಟ್ಟಿ ಹೊಳೆಯ ಹೊಯಿಗೆ ನಾನೇ ಹೊತ್ತು ಹಾಕಿದೆ. ಬೆನ್ನು ನೋಯುತ್ತಿದೆ, ಆದರೆ ಕೆಲಸ ಆಯಿತು.

ಆಗಸ್ಟ್ ೧೯, ಮಂಗಳವಾರ

ಮತ್ತೆ ಮಳೆ ರಜೆ. ಪಂದ್ಯಕ್ಕೆ ನಾಲ್ಕು ದಿನ ಇರುವಾಗ! ಬೆಳಿಗ್ಗೆಯಿಂದ ಮನೆಯೊಳಗೆ ಶತಪಥ ಹಾಕುತ್ತಿದ್ದೆ. ಹನ್ನೊಂದು ಗಂಟೆಗೆ ರುಕಿಯಾಳ ಫೋನು.

"ಟೀಚರ್, ನಾವೆಲ್ಲ ಸುರಕ್ಷಾಳ ಮನೆ ಹತ್ತಿರದ ಶೆಡ್ಡಿನಲ್ಲಿ ಇದ್ದೇವೆ. ನೀವು ಬರ್ತೀರಾ?"

ರಜೆ ಕೊಟ್ಟದ್ದು ಮನೆಯಲ್ಲಿ ಕೂರಲಿಕ್ಕೆ ಎಂದು ಗದರಬೇಕಿತ್ತು. ಗದರಿದರೆ ಅದೂ ಬೊಬ್ಬೆಯ ಲೆಕ್ಕಕ್ಕೆ ಸೇರುತ್ತದೋ ಏನೋ ಎಂದು ಸುಮ್ಮನಾದೆ. ಯಜಮಾನರ ಬೈಕಿನ ಹಿಂದೆ ಕೂತು ಹೋದೆ. ಶೆಡ್ಡಿನ ತಗಡಿನ ಮೇಲೆ ಮಳೆಯ ಸದ್ದಿಗೆ ನಾನು ಕೂಗಿದ್ದರೂ ಕೇಳುತ್ತಿರಲಿಲ್ಲ. ಕೂತವರು ಒಬ್ಬರಿಗೊಬ್ಬರು ಅದೇನೋ ಹೇಳಿಕೊಳ್ಳುತ್ತಿದ್ದರು, ಆಟ ನೀರಿನ ಹಾಗೆ ಹರಿಯುತ್ತಿತ್ತು. "ನಾನು ಎಲ್ಲಿ ನಿಲ್ಲಲಿ?" ಎಂದು ಕೇಳಿದೆ. "ಅಲ್ಲಿ ಸೋರುವುದಿಲ್ಲ ಟೀಚರ್" ಎಂದು ಸುರಕ್ಷಾ ಜಾಗ ತೋರಿಸಿದಳು.

"ಮಕ್ಕಳು ಚೆನ್ನಾಗಿ ಆಡ್ತಾರೆ. ಯಾರು ಕಲಿಸಿದ್ದು?" ಎಂದು ಶಂಭು ಕೇಳಿದರು. ಈ ಮನುಷ್ಯನಿಗೆ ಏನೂ ಗೊತ್ತಾಗುವುದಿಲ್ಲ.

ಆಗಸ್ಟ್ ೨೩, ಶನಿವಾರ

ಎಲ್ಲವನ್ನೂ ಬರೆದೇ ಮಲಗುತ್ತೇನೆ.

ಮಿಜಾರಿನ ಮೈದಾನ ದೊಡ್ಡದು, ಚೊಕ್ಕದು. ಫೈನಲಿಗೆ ಬಂದೆವು. ಎದುರಿಗೆ ಮೂಡುಬಿದಿರೆ ಕಡೆಯ ಒಂದು ಶಾಲೆ. ಎಲ್ಲರಿಗೂ ಒಂದೇ ಬಣ್ಣದ ಶೂ. ನಮ್ಮವರು ಬರಿಗಾಲು. ಅವರ ಕೋಚು ನನ್ನ ಪಕ್ಕದಲ್ಲಿಯೇ ನಿಂತಿದ್ದರು. ಅಬ್ಬಾ, ಎಂಥ ಬೊಬ್ಬೆ! ಕುತ್ತಿಗೆಯ ನರ ಎದ್ದು ನಿಂತಿತ್ತು. ಎಡಕ್ಕೆ ಬಲಕ್ಕೆ ಎಂದು ಒಂದೇ ಸಮನೆ. ಆ ಮಕ್ಕಳಿಗೆ ತಲೆ ಕೆಡುವುದಿಲ್ಲವಾ? ಪಾಪ ಅನಿಸಿತು.

ಕೊನೆಯ ಸರದಿ ನಮ್ಮದು. ಅಟ್ಟಿಸುವವರು ನಾವು. ಒಂದು ಅಂಕ ಹಿಂದಿದ್ದೆವು. ಒಬ್ಬಳು ಔಟಾದರೆ ಸಮ, ಸಮವಾದರೆ ಇನ್ನೊಂದು ಸರದಿ ಸಿಗುತ್ತಿತ್ತು. ಉಳಿದದ್ದು ಕೆಲವೇ ಸೆಕೆಂಡು. ಅವರ ಉದ್ದದ ಹುಡುಗಿ ನಮ್ಮ ಸಾಲಿನ ನಡುವೆ ನುಸುಳಿ ಸುರಕ್ಷಾ ಮುಖ ಮಾಡಿದ ಕಡೆಗೆ ಬಂದಳು. ಆಚೆ ಬದಿಯಿಂದ ಅಟ್ಟಿಸಿಕೊಂಡು ಬಂದ ರುಕಿಯಾ, ಅವಳು ಕಂಬದ ಕಡೆ ಓಡುತ್ತಾಳೆಂದು ತಿಳಿದು, ಸುರಕ್ಷಾಳನ್ನು ದಾಟಿ ಸಾತ್ವಿಕಾಳ ಕಡೆಗೆ ಕೈ ಚಾಚಿದಳು. ಆ ಹುಡುಗಿ ಓಡಲಿಲ್ಲ. ಸುರಕ್ಷಾಳ ಎದುರಿಗೆ, ಒಂದು ಮಾರು ದೂರದಲ್ಲಿ ಗಕ್ಕನೆ ನಿಂತಳು. ನನಗೆ ಹೊರಗಿನಿಂದ ಅದು ಅಂಗೈಯಷ್ಟು ಸ್ಪಷ್ಟ ಕಾಣುತ್ತಿತ್ತು. "ಸುರಕ್ಷಾಳಿಗೆ ಕೊಡು!" ಅಷ್ಟೇ ಸಾಕಿತ್ತು. ಮಾತು ಹಲ್ಲಿನ ಹಿಂದೆ ಬಂದು ನಿಂತಿತ್ತು. ಕುತ್ತಿಗೆಯ ಟವೆಲನ್ನು ಬಾಯಿಗೆ ತುರುಕಿ ಕಚ್ಚಿದೆ.

ಸುರಕ್ಷಾಳಿಗೂ ಅವಳು ಕಾಣುತ್ತಿದ್ದಳು. ಎದ್ದರೆ ಫೌಲು. ಅವಳು ಏಳಲಿಲ್ಲ. ಬೆನ್ನಿಗೆ ಕೈ ತಾಗಲಿಲ್ಲ, ಅವಳು ಏಳಲಿಲ್ಲ. ಸಾತ್ವಿಕಾ ಎದ್ದು ತಿರುಗಿ ಬರುವಷ್ಟರಲ್ಲಿ ಸೀಟಿ ಕೇಳಿತು.

ಒಂದು ಅಂಕದಿಂದ ಸೋತೆವು. ಬೆಳ್ತಂಗಡಿ ಇಲ್ಲ.

ಆಗ ನನಗೆ ಆದ ಸಂಕಟವನ್ನು ಇಲ್ಲಿ ಬರೆದರೂ ಮುಗಿಯುವುದಿಲ್ಲ. ನಾನು ಬಾಯಿ ಬಿಟ್ಟಿದ್ದರೆ ಸಮ ಆಗುತ್ತಿತ್ತೋ ಏನೋ. ಹುಡುಗಿಯರು ಬೆವರು ಒರೆಸಿಕೊಳ್ಳುತ್ತಾ ಬಂದು ನನ್ನ ಎದುರು ಸಾಲಾಗಿ ನಿಂತರು. ಸುರಕ್ಷಾ ಮುಂದೆ ಬಂದಳು.

"ಮಿಜಾರು ಮುಗೀತು ಟೀಚರ್. ಈಗ ಬೈಯಿರಿ."

ಇಷ್ಟು ದಿನ ನುಂಗಿದ್ದೆಲ್ಲ ಒಟ್ಟಾಗಿ ಹೊರಬರಬೇಕಿತ್ತು. ಬಾಯಿ ತೆರೆದೆ. "ಹಸಿವಾಗ್ತದಾ?" ಎಂದು ಬಂತು.

ಮೂಡುಬಿದಿರೆ ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಎಲ್ಲರಿಗೂ ಗೋಳಿಬಜೆ ಹೇಳಿದೆ. ಬರುವುದರೊಳಗೆ ಲೋಟಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿಟ್ಟು ಕೊನೆಯ ಆಟವನ್ನು ಮತ್ತೆ ಆಡಲು ಶುರುಮಾಡಿದರು. ಉಪ್ಪಿನ ಡಬ್ಬಿ ಆ ಉದ್ದದ ಹುಡುಗಿ. "ತಪ್ಪು ನನ್ನದು" ಎಂದು ರುಕಿಯಾ. "ಅವಳು ಕಂಬಕ್ಕೆ ಹೋಗ್ತಾಳೆ ಅಂತ ನನಗೂ ಕಂಡದ್ದು ಮಾರಾಯ್ತಿ. ನಿಂತ ಕೂಡಲೇ ನಾನು ಹೇಳ್ಬೇಕಿತ್ತು, ಸ್ವರ ಬರ್ಲಿಲ್ಲ" ಎಂದು ಸುರಕ್ಷಾ. ಸಪ್ಲಾಯರು ಪ್ಲೇಟು ಹಿಡಿದುಕೊಂಡು ಜಾಗಕ್ಕಾಗಿ ಕಾಯುತ್ತಿದ್ದ. ಸುರಕ್ಷಾ ಲೋಟ ಸರಿಸಿ ನನ್ನನ್ನು ಕೇಳಿದಳು, "ನಿಮಗೆ ಕಂಡಿತ್ತಾ ಟೀಚರ್, ಅವಳು ನಿಂತದ್ದು?"

"ಕಂಡಿತ್ತು."

"ಹೇಳ್ಲಿಲ್ಲ."

"ಹೇಳ್ಲಿಲ್ಲ."

ಸಪ್ಲಾಯರು ಪ್ಲೇಟು ಇಟ್ಟು ಹೋದ. ಸುರಕ್ಷಾ ತನ್ನ ಪ್ಲೇಟಿನಿಂದ ಒಂದು ಗೋಳಿಬಜೆ ತೆಗೆದು ನನ್ನ ಪ್ಲೇಟಿಗೆ ಹಾಕಿದಳು.

ಅಷ್ಟರಲ್ಲಿ ರಮಾನಾಥ ಸರ್ ಫೋನು ಬಂತು. ಮಕ್ಕಳು ಚೆನ್ನಾಗಿ ಆಡಿದರಂತೆ, ಬಹಳ ಸಂತೋಷ ಎಂದರು. ಕೊನೆಗೆ, "ಮತ್ತೆ ಸೋಮವಾರದಿಂದ ಸಂಜೆ ಗಣಿತ, ಅಲ್ವಾ ಟೀಚರ್" ಎಂದರು. ಹೌದು ಸರ್ ಎಂದೆ. ಮಾತು ಆಗಿತ್ತಲ್ಲ. ಹುಡುಗಿಯರಿಂದ ಮುಚ್ಚಿಡುವುದು ಸರಿಯಲ್ಲವೆಂದು ಅಲ್ಲಿಯೇ ಹೇಳಿಬಿಟ್ಟೆ: ಸಂಜೆಯ ಗಂಟೆ ಹೋಯಿತು, ಇನ್ನು ಪ್ರಾಕ್ಟೀಸಿಲ್ಲ. ಹೇಳುವಾಗ ನನ್ನ ಸ್ವರವೇ ನನಗೆ ಕೇಳಲಿಲ್ಲ. ಯಾರೂ ತಿನ್ನಲಿಲ್ಲ. ಸಾತ್ವಿಕಾಳ ಕಣ್ಣು ತುಂಬಿತು. ನನ್ನದೂ ತುಂಬಿತು, ಚಟ್ನಿ ಖಾರ ಎಂದೆ.

ಸುರಕ್ಷಾ ಮಾತ್ರ ಬೆರಳು ಒರೆಸಿಕೊಂಡು ಕೇಳಿದಳು, "ನಾಳೆ ಎಷ್ಟು ಗಂಟೆಗೆ ಬರುವುದು ಟೀಚರ್?"

"ನಾಳೆ ಭಾನುವಾರ ಅಲ್ವಾ?" ಎಂದೆ.

"ಹೌದು. ಭಾನುವಾರ ಗಣಿತ ಇಲ್ಲ" ಎಂದಳು.